ವರ್ಲಿನ್ ಹೋಗದ ಜಾಗ

ಟೋರ್ವಿಕ್‌ನಲ್ಲಿ ಗುಟ್ಟು ನಿಲ್ಲುವುದಿಲ್ಲ. ಯಾರ ಮನೆಯ ಅಡುಗೆ ಸೀದುಹೋಯಿತು, ಯಾರ ಪಿಕಪ್ ಚಳಿಗೆ ಸ್ಟಾರ್ಟ್ ಆಗಲಿಲ್ಲ, ಯಾರು ಭಾನುವಾರ ಚರ್ಚಿನಲ್ಲಿ ಗೊರಕೆ ಹೊಡೆದರು, ಎಲ್ಲವೂ ಮಧ್ಯಾಹ್ನದೊಳಗೆ ಡೆಲ್ಬರ್ಟ್‌ನ ಕಾಫಿ ಅಂಗಡಿಗೆ ತಲುಪಿರುತ್ತದೆ. ಅಂಥ ಊರಿನಲ್ಲಿ ಆರ್ಡಿಸ್ ಟೊಲೆಫ್ಸನ್ ಎಂಬ ಹೆಂಗಸು ಒಂದು ಗುಟ್ಟನ್ನು ಇಪ್ಪತ್ತು ವರ್ಷ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಇಟ್ಟುಕೊಂಡಿದ್ದಳು ಅಂದರೆ ನೀವು ನಂಬಲೇಬೇಕು.

ಗುಟ್ಟು ಇಷ್ಟೇ. ಮಿನೆಸೋಟದ ಈ ಮೂಲೆಯಲ್ಲಿ ಜನವರಿಯ ಕೊನೆಗೆ ಹಿಮಹಬ್ಬ ಬರುತ್ತದೆ, ಹಬ್ಬದ ಜೊತೆಗೆ ಪದಕದ ಬೇಟೆ ಬರುತ್ತದೆ. ಊರಿನ ಯಾವುದೋ ಸಾರ್ವಜನಿಕ ಜಾಗದಲ್ಲಿ ಅಂಗೈಯಗಲದ ಒಂದು ಹಿತ್ತಾಳೆ ಪದಕ ಅಡಗಿರುತ್ತದೆ. ಎಂಟು ದಿನ, ಎಂಟು ಪ್ರಾಸದ ಪದ್ಯ. ಬೆಳಿಗ್ಗೆ ಆರಕ್ಕೆ ಪತ್ರಿಕೆ ಕಚೇರಿಯ ಕಿಟಕಿಯಲ್ಲಿ ಒಂದೊಂದನ್ನೇ ಅಂಟಿಸುತ್ತಾರೆ, ಆ ದಿನದ ಪತ್ರಿಕೆಯಲ್ಲೂ ಅಚ್ಚು ಹಾಕುತ್ತಾರೆ. ಪದ್ಯವೆಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹೇಳಿದಂತೆಯೂ ಇರಬೇಕು, ಹೇಳದಂತೆಯೂ ಇರಬೇಕು. ಅದನ್ನು ಬರೆಯುವವರು ಯಾರೆಂದು ಸಂಪಾದಕನೊಬ್ಬನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಊರು ಅವನನ್ನು ‘ಕವಿರಾಯ’ ಎಂದು ಕರೆದು ಸುಮ್ಮನಾಗಿದೆ. ಆ ಕವಿರಾಯ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ನಿವೃತ್ತಳಾದ ಆರ್ಡಿಸ್ ಎಂದು ಯಾರಾದರೂ ಹೇಳಿದ್ದರೆ ಊರು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಇನ್ನು ಅವಳ ಗಂಡ ವರ್ಲಿನ್. ಈ ಬೇಟೆಯಲ್ಲಿ ಅವನಷ್ಟು ಹೆಸರಾದವರು ಇನ್ನೊಬ್ಬರಿಲ್ಲ, ಗೆದ್ದು ಅಲ್ಲ, ಸೋತು. ವರ್ಷ ವರ್ಷವೂ ಎಲ್ಲರಿಗಿಂತ ಮೊದಲು ಏಳುತ್ತಿದ್ದ, ಎಲ್ಲರಿಗಿಂತ ಹೆಚ್ಚು ಅಗೆಯುತ್ತಿದ್ದ, ನೋಟುಬುಕ್ಕಿನಲ್ಲಿ ಪದ್ಯಗಳನ್ನು ಬರೆದು ಗೆರೆ ಎಳೆದು ಬಾಣ ಹಾಕುತ್ತಿದ್ದ. ಪದಕ ಮಾತ್ರ ಯಾವಾಗಲೂ ಬೇರೆಯವರ ಕೈಗೆ. ರಾತ್ರಿ ಊಟಕ್ಕೆ ಕೂತು ‘ಆ ಕವಿರಾಯ ಕತ್ತೆಗೆ ನನ್ನ ಮೇಲೇನೋ ಹಗೆ ಇದೆ ಕಣೇ’ ಎಂದು ಬೈಯುತ್ತಿದ್ದರೆ ಎದುರಿಗೆ ಕೂತ ಕವಿರಾಯ ಅವನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಬಡಿಸುತ್ತಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ.

ನಗಬೇಡಿ, ಅವಳಿಗೆ ಬೇರೆ ದಾರಿ ಇರಲಿಲ್ಲ. ಬೇಟೆಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ: ಪದ್ಯ ಬರೆದವರ ಮನೆಯವರ ಕೈಗೆ ಪದಕ ಸಿಕ್ಕಬಾರದು. ಪಕ್ಕದ ಊರಿನಲ್ಲಿ ಒಮ್ಮೆ ಹಾಗಾಗಿ, ಆ ಸಂಸಾರ ಎರಡು ವರ್ಷ ಯಾರ ಮನೆಯ ಕಾಫಿಯನ್ನೂ ಕಾಣದೆ ಕೊನೆಗೆ ಊರನ್ನೇ ಬಿಟ್ಟುಹೋಯಿತು. ಹೆಂಡತಿಯೇ ಕವಿರಾಯ ಎಂದು ತನಗೆ ಗೊತ್ತಿರಲಿಲ್ಲವೆಂದು ವರ್ಲಿನ್ ಬೈಬಲ್ ಮುಟ್ಟಿ ಹೇಳಿದರೂ ಯಾರು ನಂಬುತ್ತಾರೆ? ಅದಕ್ಕೇ ಆರ್ಡಿಸ್ ಪದಕವನ್ನು ಗಂಡ ಕಾಲಿಡದ ಜಾಗದಲ್ಲೇ ಅಡಗಿಸುತ್ತಿದ್ದಳು. ನಲವತ್ತು ವರ್ಷ ಜೊತೆಗೆ ಬಾಳಿದವಳಿಗೆ ಅವನು ಎಲ್ಲಿ ಹೋಗುತ್ತಾನೆ, ಎಲ್ಲಿ ಹೋಗುವುದಿಲ್ಲ ಎನ್ನುವುದು ಬೆರಳ ತುದಿಯಲ್ಲಿತ್ತು. ನಿಜ ಹೇಳಬೇಕೆಂದರೆ, ಆ ಕೆಲಸ ಅವಳಿಗೆ ಬಹಳ ಇಷ್ಟವಾಗಿತ್ತು. ಜೀವನದಲ್ಲಿ ಅವಳದೇ ಎನ್ನುವಂಥದ್ದು ಅದೊಂದೇ ಇತ್ತು.

ಈ ಸಲ ಅಕ್ಟೋಬರಿನಲ್ಲಿ ವರ್ಲಿನ್‌ಗೆ ಎದೆನೋವು ಬಂತು. ಸ್ಟೆಂಟ್ ಹಾಕಿ ಮನೆಗೆ ಕಳಿಸಿದ ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದಳು: ‘ಈ ಚಳಿಗಾಲ ಸಲಿಕೆ ಮುಟ್ಟಕೂಡದು. ಹೆಪ್ಪುಗಟ್ಟುವ ಗಾಳಿಯಲ್ಲಿ ಹಿಮ ಅಗೆಯೋದು ಅಂದ್ರೆ ಗುಂಡಿ ತೋಡಿಕೊಂಡ ಹಾಗೆ.’ ಅವನು ತಲೆಯಾಡಿಸಿದ. ಆರ್ಡಿಸ್‌ಗೆ ಆ ತಲೆಯಾಡಿಸುವಿಕೆಯ ಬೆಲೆ ಗೊತ್ತು. ನವೆಂಬರಿನಲ್ಲಿ, ಹಿಮ ಬೀಳುವ ಮೊದಲು, ಪದಕ ಅಡಗಿಸುವ ದಿನ ಬಂದಾಗ ಅವಳು ಬಹಳ ಹೊತ್ತು ಕಾರಿನಲ್ಲಿ ಕೂತು ಯೋಚಿಸಿದಳು. ಪದ್ಯ ಎತ್ತ ಕೈತೋರಿಸಿದರೂ ವರ್ಲಿನ್ ಸತ್ತರೂ ಹೋಗದಂಥ ಒಂದು ಜಾಗ ಬೇಕಿತ್ತು. ಅಂಥದ್ದು ಊರಿನಲ್ಲಿ ಒಂದೇ ಇತ್ತು, ಬೇಸಿಗೆಯಲ್ಲಿ ದೋಣಿಗಳನ್ನು ನೀರಿಗೆ ಇಳಿಸುವ ಸರೋವರದ ಉತ್ತರದ ದೋಣಿಕಟ್ಟೆ.

ಮೂವತ್ತಾರು ವರ್ಷದ ಹಿಂದೆ ಅಲ್ಲಿಂದಲೇ ವರ್ಲಿನ್‌ನ ತಮ್ಮ ಆರ್ಲೋ ಗಡ್ಡೆ ಕೊರೆದು ಮೀನು ಹಿಡಿಯಲೆಂದು ಪಿಕಪ್ ಸಮೇತ ಸರೋವರದ ಮಂಜುಗಡ್ಡೆಯ ಮೇಲೆ ಇಳಿದಿದ್ದ. ಡಿಸೆಂಬರಿನ ಮೊದಲ ವಾರ, ಇಪ್ಪತ್ತೆರಡರ ಹುಡುಗ. ‘ಗಡ್ಡೆ ಗಟ್ಟಿಯಾಗಿದೆಯಾ ಅಣ್ಣ?’ ಎಂದು ಕೇಳಿದ್ದ. ‘ಆಗಿದೆ, ಹೋಗೋ’ ಎಂದಿದ್ದ ವರ್ಲಿನ್. ನೂರು ಗಜ ಹೋಗುವಷ್ಟರಲ್ಲಿ ಗಡ್ಡೆ ಬಾಯಿ ಬಿಟ್ಟಿತು, ಹುಡುಗನನ್ನು ಗಾಡಿ ಸಮೇತ ನುಂಗಿತು. ಅಂದಿನಿಂದ ವರ್ಲಿನ್ ಗಡ್ಡೆಯ ಮೇಲೆ ಕಾಲಿಟ್ಟಿಲ್ಲ, ಆ ದೋಣಿಕಟ್ಟೆಯ ದಾರಿಯನ್ನೂ ತುಳಿದಿಲ್ಲ, ಆರ್ಲೋನ ಹೆಸರನ್ನೂ ಎತ್ತಿಲ್ಲ. ಆ ದಿಕ್ಕಿನಲ್ಲಿ ಯಾರದಾದರೂ ಮದುವೆಯಿದ್ದರೆ ಊರೆಲ್ಲ ಸುತ್ತಿ ಹೋಗುತ್ತಾನೆ.

ಆರ್ಡಿಸ್ ಪದಕವನ್ನು ಶಾಲೆಯ ಮಕ್ಕಳು ಕುಡಿಯುವ ಹಾಲಿನ ಕಾಗದದ ಡಬ್ಬಿಯಲ್ಲಿ ಇಟ್ಟು, ಚಳಿಗೆ ಕಲ್ಲಾಗಲೆಂದು ನೀರು ತುಂಬಿಸಿ, ಆ ಕಟ್ಟೆಯ ಕಂಬದ ಬುಡದಲ್ಲಿ ಹೂತು ಬಂದಳು. ಬರುವಾಗ ಅವಳಿಗೆ ಒಂಥರಾ ಆಯಿತು. ಗಂಡನ ಜೀವ ಉಳಿಯಲಿ ಅಂತ ತಾನೇ ಮಾಡಿದ್ದು ಎಂದು ತನಗೆ ತಾನೇ ಹೇಳಿಕೊಂಡಳು, ಎರಡು ಸಲ ಹೇಳಿಕೊಂಡಳು.

ಬೇಟೆಯ ಆರನೆಯ ದಿನದವರೆಗೆ ಎಲ್ಲ ಅವಳು ಅಂದುಕೊಂಡ ಹಾಗೇ ಇತ್ತು. ವರ್ಲಿನ್ ಅಡುಗೆಮನೆಯಲ್ಲೇ ಕೂತು ಹಳೆಯ ನೋಟುಬುಕ್ಕುಗಳನ್ನು ತಿರುವುತ್ತಿದ್ದ. ತಾನೇ ಬರೆದಿದ್ದ ಆರನೆಯ ಪದ್ಯವನ್ನು ಆರ್ಡಿಸ್ ಆ ರಾತ್ರಿ ತಾನೇ ಪತ್ರಿಕೆಯಿಂದ ಓದಿ ಹೇಳಿದಳು:

ಅಗೆಯುವ ಮೊದಲು ಒಮ್ಮೆ ಯೋಚಿಸಿ ನೋಡಿ,
ಬಗೆಬಗೆಯ ಪಾರ್ಕುಗಳ ತಂಟೆಯ ಬಿಡಿ;
ನಗುನಗುತ ಬೇಸಿಗೆಲಿ ಜನ ಸೇರುವ ತಾಣ,
ಹಗಲಿನಲು ಈಗಲ್ಲಿ ಗಾಳಿಗಷ್ಟೇ ಪ್ರಾಣ.

ಬೇರೆ ವರ್ಷವಾಗಿದ್ದರೆ ವರ್ಲಿನ್ ಮೇಜು ಗುದ್ದುತ್ತಿದ್ದ, ‘ಈಜುಕೊಳ! ಅಲ್ಲ, ಬ್ಯಾಂಡ್ ಕಟ್ಟೆ!’ ಎಂದು ಕೂಗುತ್ತಿದ್ದ. ಈ ಸಲ ಪೆನ್ಸಿಲ್ ಕೆಳಗಿಟ್ಟ. ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ.

‘ಏನೋ ಹಾಗೆ ನೋಡ್ತೀಯ?’

‘ಏನಿಲ್ಲ. ಚೆನ್ನಾಗಿ ಓದ್ತೀಯ ನೀನು,’ ಎಂದು ಎದ್ದು ಮಲಗಲು ಹೋದ.

ಆರ್ಡಿಸ್‌ಗೆ ಆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ, ಬೆಳಗಿನ ಜಾವ ಹತ್ತಿದ್ದು ಏಳು ಗಂಟೆಯವರೆಗೂ ಬಿಡಲಿಲ್ಲ. ಎದ್ದು ನೋಡಿದರೆ ವರ್ಲಿನ್‌ನ ಹಾಸಿಗೆ ತಣ್ಣಗಿತ್ತು. ಹೊರಗೆ ಪಿಕಪ್ ಇರಲಿಲ್ಲ. ಥರ್ಮಾಮೀಟರು ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ತೋರಿಸುತ್ತಿತ್ತು. ಅವನ ಫೋನಿಗೆ ಕರೆ ಮಾಡಿದಳು. ಅದು ಅಡುಗೆಮನೆಯಲ್ಲೇ ರಿಂಗಾಯಿತು. ಜಗುಲಿಗೆ ಓಡಿದಳು. ಸಲಿಕೆ ಗೋಡೆಗೆ ಒರಗಿಕೊಂಡೇ ಇತ್ತು. ‘ಸದ್ಯ, ಸಲಿಕೆ ಒಯ್ದಿಲ್ಲ,’ ಎಂದು ಉಸಿರು ಬಿಟ್ಟಳು. ಆದರೆ ಉಸಿರು ಅರ್ಧಕ್ಕೇ ನಿಂತಿತು. ಸಲಿಕೆ ಇಲ್ಲದೆ ಬೇಟೆಗೆ ಹೋದ ವರ್ಲಿನ್‌ನನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ.

ಮೊದಲು ಡೆಲ್ಬರ್ಟ್‌ನ ಅಂಗಡಿಗೆ ಹೋದಳು. ಬಾಗಿಲು ಬರೀ ಮುಂದಕ್ಕೆ ಹಾಕಿತ್ತು, ‘ಬೇಟೆಗೆ ಹೋಗಿದ್ದೇನೆ, ಕಾಫಿ ನೀವೇ ಬಗ್ಗಿಸಿಕೊಳ್ಳಿ’ ಎಂಬ ಚೀಟಿ ತೂಗುತ್ತಿತ್ತು. ಪತ್ರಿಕೆ ಕಚೇರಿಯ ಕಿಟಕಿಯಲ್ಲಿ ಏಳನೆಯ ಪದ್ಯ ಅಂಟಿತ್ತು. ಅದನ್ನು ಓದುವ ಅಗತ್ಯ ಅವಳಿಗೇನಿತ್ತು, ಆದರೂ ಹೆದರಿಕೆಯಿಂದ ಓದಿದಳು:

ಇಳಿಜಾರು ಸಿಮೆಂಟು, ಮೇಲೊಂದು ಕಂಬ,
ಕಳೆದ ಬೇಸಿಗೆಯ ಹಗ್ಗ ಸುತ್ತಿದೆ ತುಂಬ;
ಬಳಿಯಲ್ಲೇ ನಿಂತರೂ ಕಾಣದು ಕಣ್ಣಿಗೆ,
ಎಳೆಯರ ಹಾಲಿನ ಡಬ್ಬಿ ಅಂಟಿದೆ ಮಣ್ಣಿಗೆ.

ಊರಿಗೆ ದೋಣಿಕಟ್ಟೆ ಎರಡು. ದಕ್ಷಿಣದ್ದು ಪೇಟೆಯ ಬುಡದಲ್ಲೇ, ಉತ್ತರದ್ದು ಸರೋವರದ ಆಚೆ. ಅವಳು ಲೆಕ್ಕ ಹಾಕಿದ್ದ ಹಾಗೇ ಊರೆಲ್ಲ ದಕ್ಷಿಣದ ಕಟ್ಟೆಗೆ ಮುಗಿಬಿದ್ದಿತ್ತು. ನೂರೈವತ್ತು ಜನ, ಮೂಗಿನವರೆಗೂ ಮಫ್ಲರು, ಸಲಿಕೆ, ಹಾರೆ, ಫ್ಲಾಸ್ಕು. ಕಾರಿನಿಂದ ಇಳಿದು ಆ ಟೋಪಿಗಳ ನಡುವೆ ಗಂಡನ ಕೆಂಪು ಟೋಪಿಗಾಗಿ ಹುಡುಕಿದಳು. ಒಂದೊಂದು ಮುಖವನ್ನೂ ನೋಡಿದಳು, ಒಂದೂ ಅವನದಲ್ಲ.

‘ಏನಮ್ಮ ಆರ್ಡಿಸ್, ಯಜಮಾನರೆಲ್ಲಿ?’ ಡೆಲ್ಬರ್ಟ್ ಮೊಣಕಾಲುದ್ದದ ಗುಂಡಿಯೊಳಗಿಂದ ತಲೆ ಎತ್ತಿದ. ಎರಡು ಸಲ ಪದಕ ಗೆದ್ದವನು, ಅದನ್ನು ಯಾರೂ ಮರೆಯದಂತೆ ನೋಡಿಕೊಂಡವನು. ‘ಮನೇಲಿ ಕಂಬಳಿ ಹೊದ್ದು ಕೂತಿದಾನಾ? ಹೇಳು ಅವನಿಗೆ, ಪದಕ ಸಿಕ್ಕಿದ ಮೇಲೆ ಒಂದ್ಸಲ ಮುಟ್ಟಿ ನೋಡೋಕೆ ಕೊಡ್ತೀನಿ ಅಂತ.’

‘ನೀನು ಅವನನ್ನ ನೋಡಲಿಲ್ವಾ ಇವತ್ತು?’

‘ಇಲ್ವಲ್ಲ. ಏಕೆ, ಮನೇಲಿಲ್ವಾ?’ ಡೆಲ್ಬರ್ಟ್‌ನ ನಗು ಸ್ವಲ್ಪ ಇಳಿಯಿತು.

‘ಔಷಧಿ ಅಂಗಡಿಗೆ ಹೋಗಿರಬೇಕು,’ ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಕಾರು ತಿರುಗಿಸಿದಳು. ಅಷ್ಟರಲ್ಲಿ ಮನೆಗೆ ಬಂದಿರಬಹುದು, ಬಂದು ಕಾಫಿ ಮಾಡಿಕೊಂಡು ‘ಎಲ್ಲಿ ಹಾಳಾಗಿ ಹೋಗಿದ್ಯೇ’ ಎಂದು ರೇಗಬಹುದು. ದೇವರೇ, ರೇಗಲಿ.

ಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ನಿನ್ನೆಯ ಪತ್ರಿಕೆ ಹರಡಿತ್ತು. ಎತ್ತಿದರೆ ಅದರಡಿಯಲ್ಲಿ ಅವನ ನೋಟುಬುಕ್ಕು ತೆರೆದೇ ಬಿದ್ದಿತ್ತು. ವರ್ಲಿನ್‌ನ ದಪ್ಪ ಅಕ್ಷರ. ಹತ್ತೊಂಬತ್ತು ವರ್ಷ, ಹತ್ತೊಂಬತ್ತು ಜಾಗ, ಪ್ರತಿಯೊಂದರ ಎದುರಿಗೂ ಒಂದು ಟಿಪ್ಪಣಿ. ‘ಚರ್ಚಿನ ಹಿತ್ತಲು. ಆ ವರ್ಷ ಪಾದ್ರಿ ಜೊತೆ ಜಗಳ, ನಾನು ಆ ಕಡೆ ತಲೆ ಹಾಕಲಿಲ್ಲ.’ ‘ಗ್ರಂಥಾಲಯದ ಮೆಟ್ಟಿಲು. ಪುಸ್ತಕ ಕಳೆದುಹಾಕಿದ್ದೆ, ನಾಚಿಕೆಯಿಂದ ಹೋಗಲಿಲ್ಲ.’ ‘ಡೆಲ್ಬರ್ಟ್ ಅಂಗಡಿಯ ಎದುರು. ಅವನ ಮುಖ ನೋಡುತ್ತಿರಲಿಲ್ಲ.’ ‘ಮೈದಾನದ ಗ್ಯಾಲರಿಯ ಮೇಲಿನ ಸಾಲು. ಮಂಡಿ ನೋವಿತ್ತು, ಹತ್ತಲಾಗುತ್ತಿರಲಿಲ್ಲ.’ ಆ ಕೊನೆಯ ಸಾಲಿನಡಿ ಎರಡು ಗೆರೆ ಎಳೆದು ಬರೆದಿದ್ದ: ‘ಮಂಡಿ ನೋವಿನ ಮಾತು ನಾನು ಹೇಳಿದ್ದು ಒಬ್ಬಳಿಗೇ.’

ಆರ್ಡಿಸ್ ಆ ಸಾಲನ್ನು ಎರಡು ಸಲ ಓದಿದಳು. ಪುಟ ತಿರುಗಿಸಿದಳು. ಅಲ್ಲಿ ಒಂದೇ ಸಾಲು ಇತ್ತು. ‘ಹಾಗಾದರೆ ಈ ವರ್ಷ ನಾನು ಎಲ್ಲಿಗೆ ಹೋಗುವುದಿಲ್ಲ?’ ಉತ್ತರ ಬರೆದಿರಲಿಲ್ಲ.

ಅಯ್ಯೋ, ಅವನು ಅಲ್ಲಿದ್ದಾನೆ. ಒಬ್ಬನೇ, ಫೋನಿಲ್ಲದೆ, ಆ ಚಳಿಯಲ್ಲಿ, ಆ ನೀರಿನ ಎದುರಿಗೆ. ಡಾಕ್ಟರಮ್ಮ ಚಳಿಯ ಬಗ್ಗೆ ಹೇಳಿದ್ದಳು, ಸಲಿಕೆಯ ಬಗ್ಗೆ ಹೇಳಿದ್ದಳು. ಮೂವತ್ತಾರು ವರ್ಷ ನುಂಗಿಕೊಂಡ ದುಃಖ ಒಮ್ಮೆಲೇ ಎದ್ದುಬಂದರೆ ಆ ಎದೆ ಏನಾದೀತು ಎಂದು ಯಾರೂ ಹೇಳಿರಲಿಲ್ಲ.

ರಸ್ತೆಯಲ್ಲಿ ಹೋದರೆ ಹದಿಮೂರು ಮೈಲಿ, ಅದರಲ್ಲಿ ಅರ್ಧಕ್ಕೆ ಹಿಮ ಎತ್ತಿರುವುದಿಲ್ಲ. ಗಡ್ಡೆಯ ಮೇಲೆ ಎರಡೇ ಮೈಲಿ. ಜನವರಿ ಕೊನೆಗೆ ಗಡ್ಡೆ ಎರಡಡಿ ದಪ್ಪವಿರುತ್ತದೆ, ಊರೆಲ್ಲ ಅದರ ಮೇಲೆ ಕಾರು ಓಡಿಸುತ್ತದೆ, ಮೀನು ಹಿಡಿಯುವ ಗುಡಿಸಲುಗಳ ಊರೇ ಅಲ್ಲಿ ಎದ್ದಿರುತ್ತದೆ. ಟೊಲೆಫ್ಸನ್ ಮನೆಯವರು ಮಾತ್ರ ಇಳಿಯುವುದಿಲ್ಲ. ಆರ್ಡಿಸ್ ದಕ್ಷಿಣದ ಕಟ್ಟೆಗೆ ವಾಪಸ್ ಬಂದಳು. ಅಲ್ಲಿ ನೂರೈವತ್ತು ಜನರಿದ್ದರು. ಡೆಲ್ಬರ್ಟ್‌ನಿಗೆ ಒಂದು ಮಾತು ಹೇಳಿದ್ದರೆ ಹತ್ತು ಪಿಕಪ್‌ಗಳು ಜೊತೆಗೆ ಹೊರಡುತ್ತಿದ್ದವು. ಬಾಯಿ ತೆರೆದಳು, ಮುಚ್ಚಿದಳು. ‘ಉತ್ತರದ ಕಟ್ಟೆ’ ಎಂದರೆ ಗುಟ್ಟು ಹೋಯಿತು, ಗಂಡನ ಮಾನವೂ ಹೋಯಿತು. ಥೂ, ಗಂಡನ ಜೀವ ಹೋಗುವ ಹೊತ್ತಿನಲ್ಲೂ ಇವಳಿಗೆ ಪದಕದ ಚಿಂತೆ! ಆ ಛೀಮಾರಿಯನ್ನು ಅವಳೇ ಹಾಕಿಕೊಂಡಳು, ಹಾಕಿಕೊಂಡೂ ಬಾಯಿ ತೆರೆಯಲಿಲ್ಲ. ಸೀಟುಬೆಲ್ಟು ಬಿಚ್ಚಿದಳು, ಕಿಟಕಿ ಇಳಿಸಿದಳು. ಗಡ್ಡೆಗೆ ಇಳಿಯುವವರೆಲ್ಲ ಮಾಡುವುದು ಇದೇ, ಮುಳುಗಿದರೆ ಹೊರಬರಲು. ಕಾರು ಇಳಿಜಾರು ದಾಟಿ ಸರೋವರದ ಮೇಲೆ ಹೋಯಿತು. ಹಿಂದಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು.

ಗುಡಿಸಲುಗಳವರೆಗೆ ದಾರಿ ಇತ್ತು. ಅಲ್ಲಿಂದ ಮುಂದೆ ಗಾಳಿ ಗುಡಿಸಿದ ಬರೀ ಗಡ್ಡೆ. ಕಿಟಕಿಯಿಂದ ನುಗ್ಗಿದ ಚಳಿಗೆ ಕಣ್ಣೀರು ಕೆನ್ನೆಯ ಮೇಲೇ ಗಟ್ಟಿಯಾಯಿತು. ಕೆಳಗೆಲ್ಲೋ ಗಡ್ಡೆ ‘ಡುಂ’ ಎಂದು ಸದ್ದು ಮಾಡಿ, ಆ ಸದ್ದು ಉದ್ದಕ್ಕೆ ಓಡಿಹೋಯಿತು. ಅದು ಹೆದರುವ ಸದ್ದಲ್ಲ, ಗಡ್ಡೆ ಬಲಿಯುವಾಗ ಹಾಗೇ ಕೂಗುತ್ತದೆ ಎಂದು ಈ ಊರಿನ ಮಕ್ಕಳಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಆದರೂ ಒಂದು ಕೈಯನ್ನು ಬಾಗಿಲ ಹಿಡಿಯ ಮೇಲೆ ಇಟ್ಟುಕೊಂಡೇ ಓಡಿಸಿದಳು.

ದೂರದಲ್ಲಿ ಕಟ್ಟೆಯ ಕಂಬ ಕಂಡಿತು. ಕಂಬದ ಪಕ್ಕ ಕೆಂಪು ಟೋಪಿ. ನಿಂತಿದ್ದಾನೆ! ಜೀವಂತವಾಗಿ ನಿಂತಿದ್ದಾನೆ! ಅವಳು ಕಿಟಕಿಯಿಂದ ಕೈ ಬೀಸಿದಳು. ಕೆಂಪು ಟೋಪಿ ಒಂದು ಕ್ಷಣ ಕದಲಲಿಲ್ಲ. ಆಮೇಲೆ ಅದು ಓಡತೊಡಗಿತು. ಎರಡೂ ಕೈ ಮೇಲೆತ್ತಿ, ಅಡ್ಡಾದಿಡ್ಡಿ ಬೀಸುತ್ತಾ, ಇಳಿಜಾರು ಇಳಿದು ನೇರ ಗಡ್ಡೆಯ ಮೇಲೇ ಓಡಿಬರುತ್ತಿತ್ತು. ‘ಬರಬೇಡ! ಹಿಂದೆ ಹೋಗು! ಹಿಂದೆ!’ ಎಂದು ವರ್ಲಿನ್ ಕೂಗುತ್ತಿದ್ದ.

ಆಗ ಅವಳಿಗೆ ಹೊಳೆಯಿತು, ಅವನಿಗೆ ಏನು ಕಾಣುತ್ತಿದೆ ಎಂದು. ಆ ಕಟ್ಟೆಯ ಎದುರು, ಆ ಗಡ್ಡೆಯ ಮೇಲೆ, ಒಂದು ಗಾಡಿ. ಬ್ರೇಕ್ ಒತ್ತಿದಳು. ಕಾರು ನಿಲ್ಲದೆ ಜಾರಿಕೊಂಡು ಹೋಗಿ ಅಡ್ಡಕ್ಕೆ ತಿರುಗಿ ನಿಂತಿತು. ಬಾಗಿಲು ತೆರೆದು ಇಳಿದು ಅವಳೂ ಓಡಿದಳು, ‘ಓಡಬೇಡ ವರ್ಲಿನ್, ನಿನ್ನ ಕಾಲಿಗೆ ಬೀಳ್ತೀನಿ, ಓಡಬೇಡ!’ ಎಂದು ಕಿರುಚುತ್ತಾ. ಇಬ್ಬರು ಮುದುಕರು ಗಡ್ಡೆಯ ಮೇಲೆ ಒಬ್ಬರಿಗೊಬ್ಬರು ಓಡಬೇಡ ಎನ್ನುತ್ತಾ ಓಡಿದರು. ನಡುವೆ ಸಿಕ್ಕಿದಾಗ ಅವನು ಅವಳ ತೋಳು ಹಿಡಿದು ಎಳೆದುಕೊಂಡೇ ದಡಕ್ಕೆ ಹೋದ. ದಡ ಸೇರಿದ ಮೇಲೆ ಇಳಿಜಾರಿನ ಸಿಮೆಂಟಿನ ಮೇಲೆ ಕುಸಿದು ಕೂತ. ಮುಖ ಬೂದಿಯ ಬಣ್ಣವಾಗಿತ್ತು.

‘ನೋವಿದೆಯಾ? ಎಡಗೈ ನೋಯ್ತಿದೆಯಾ? ಮಾತಾಡೋ!’

‘ಗಡ್ಡೆ ಮೇಲೆ ಬಂದ್ಯಲ್ಲೇ,’ ಎಂದ ಅವನು ಏದುಸಿರಿನಲ್ಲಿ. ‘ನೀನೂ ಗಡ್ಡೆ ಮೇಲೆ ಬಂದ್ಯಲ್ಲೇ.’

ಅವನು ಅಳುತ್ತಿದ್ದ. ಆರ್ಡಿಸ್ ಕೆಳಗೆ ಕೂತು ಅವನ ಕೋಟಿನೊಳಗೆ ಕೈ ಹಾಕಿ ಅವನ ಎದೆಯ ಮೇಲೆ ಇಟ್ಟಳು. ಅದು ಹುಚ್ಚುಹುಚ್ಚಾಗಿ ಬಡಿದುಕೊಳ್ಳುತ್ತಿತ್ತು, ಆದರೆ ಬಡಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಬಡಿತ ಸ್ವಲ್ಪ ತಗ್ಗಿತು. ಆಗ ಅವನು ಬಲಗೈಯ ಉಣ್ಣೆಗವುಸು ಬಿಚ್ಚಿದ. ಅಂಗೈಯಲ್ಲಿ ಹಿತ್ತಾಳೆ ಪದಕ ಇತ್ತು.

‘ಬೂಟುಗಾಲಲ್ಲಿ ಎರಡು ಸಲ ಒದ್ದೆ, ಅಷ್ಟೇ,’ ಎಂದ. ‘ಅಗೆಯೋದೇ ಬೇಕಾಗಲಿಲ್ಲ.’

ಆರ್ಡಿಸ್ ಅವನ ಕೋಟಿನ ಗುಂಡಿ ಹಾಕಿದಳು.

‘ಹತ್ತೊಂಬತ್ತು ವರ್ಷ ನನ್ನನ್ನ ಕೋತಿ ಮಾಡಿದೆ. ಆಗಲಿ. ನೆನ್ನೆ ರಾತ್ರಿ ಅದು ಗೊತ್ತಾದಾಗ ನಗೂನೂ ಬಂತು. ನನ್ನ ಹೆಂಡತಿ ಇಷ್ಟು ಜಾಣೆಯಾ ಅಂತ ಹೆಮ್ಮೇನೂ ಆಯ್ತು.’ ಅವನು ಕಂಬದ ಕಡೆ ಗಲ್ಲ ತೋರಿಸಿದ. ‘ಇದನ್ನ ಹೇಗೆ ಮಾಡಿದೆ? ಈ ಜಾಗಾನ ಹೇಗೆ ಆಟಕ್ಕೆ ಇಟ್ಟೆ?’

‘ನೀನು ಬರಲ್ಲ ಅಂತ. ನಿನ್ನ ಎದೆ…’

‘ನಾನು ಬರಲ್ಲ ಅಂತ. ನನಗೆ ಇದೊಂದು ಗಾಯ ಇದೆ ಅಂತ ನಿನಗೆ ಗೊತ್ತಿತ್ತು. ಅದನ್ನ ಬೇಲಿ ಥರ ಉಪಯೋಗಿಸಿಕೊಂಡೆ.’

‘ಹೌದು,’ ಎಂದಳು ಆರ್ಡಿಸ್. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ‘ತಪ್ಪು ಮಾಡಿದೆ. ಗೊತ್ತಿದ್ದೇ ಮಾಡಿದೆ.’

ಆಗಲೇ ಇಂಜಿನ್ನಿನ ಸದ್ದು ಕೇಳಿಸಿತು. ಗುಡಿಸಲುಗಳ ಕಡೆಯಿಂದ ಒಂದು ಪಿಕಪ್ ಗಡ್ಡೆಯ ಮೇಲೆ ಬರುತ್ತಿತ್ತು. ಡೆಲ್ಬರ್ಟ್‌ನದು. ಅದು ಅಡ್ಡ ನಿಂತ ಅವಳ ಕಾರನ್ನು ಬಳಸಿಕೊಂಡು ಕಟ್ಟೆಯತ್ತಲೇ ತಿರುಗಿತು. ವರ್ಲಿನ್ ಕಣ್ಣು ಮುಚ್ಚಿಕೊಂಡ.

‘ಕೊಡು ಅದನ್ನ ಇಲ್ಲಿ,’ ಆರ್ಡಿಸ್ ಕೈ ಚಾಚಿದಳು. ‘ಎಲ್ಲಾ ನಾನೇ ಹೇಳಿಬಿಡ್ತೀನಿ. ಊರು ಉಗಿದರೆ ನನಗೆ ಉಗೀಲಿ.’

ವರ್ಲಿನ್ ಪದಕದ ಕಡೆ ನೋಡಿದ. ಎಷ್ಟು ವರ್ಷ ಕನಸು ಕಂಡಿದ್ದು ಅದು. ಅದನ್ನು ಎತ್ತಿ ಹಿಡಿದು ಡೆಲ್ಬರ್ಟ್‌ನ ಅಂಗಡಿಯೊಳಗೆ ನಡೆದು ಹೋಗುವುದನ್ನು ಅವನು ನಿದ್ದೆಯಲ್ಲೂ ಗೊಣಗಿಕೊಂಡಿದ್ದು ಆರ್ಡಿಸ್ ಕೇಳಿದ್ದಳು. ಅವನು ಕಷ್ಟಪಟ್ಟು ಎದ್ದ, ಕಂಬದ ಹತ್ತಿರ ಹೋಗಿ ಬಗ್ಗಿದ, ಒಡೆದ ಗಡ್ಡೆಯ ಚೂರುಗಳ ನಡುವೆ ಅದನ್ನು ಇಟ್ಟು ಬೂಟಿನಿಂದ ಹಿಮ ಎಳೆದ. ಪಿಕಪ್ ನಿಂತಾಗ ಅವನು ಕಂಬಕ್ಕೆ ಬೆನ್ನು ಮಾಡಿ ನೀರಿನ ಕಡೆ ಮುಖ ಮಾಡಿ ನಿಂತಿದ್ದ.

‘ಆರ್ಡಿಸ್! ನಿನಗೇನು ಹುಚ್ಚಾ?’ ಡೆಲ್ಬರ್ಟ್ ಇಳಿಯುತ್ತಲೇ ಕೂಗಿದ. ‘ಟೊಲೆಫ್ಸನ್ ಮನೆಯವಳು ಗಡ್ಡೆಗೆ ಇಳಿದಳು ಅಂದ್ರೆ ಏನೋ ಆಗಿದೆ ಅಂತ ನನ್ನ ಜೀವ ಬಾಯಿಗೆ…’ ಕೆಂಪು ಟೋಪಿ ಕಂಡು ಅವನ ಮಾತು ನಿಂತಿತು. ‘ವರ್ಲಿನ್? ನೀನಾ? ಇಲ್ಲಿ?’

ಆಮೇಲೆ ಡೆಲ್ಬರ್ಟ್‌ನ ಕಣ್ಣು ಸಿಮೆಂಟಿನ ಇಳಿಜಾರಿಗೆ ಹೋಯಿತು, ಕಂಬಕ್ಕೆ, ಕಂಬಕ್ಕೆ ಸುತ್ತಿದ ಹಗ್ಗಕ್ಕೆ ಹೋಯಿತು. ಅವನು ಪೆದ್ದನಲ್ಲ. ಅವನು ಗಂಡನನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಗಂಡನನ್ನು ನೋಡಿದ. ಇನ್ನೊಂದು ಕ್ಷಣದಲ್ಲಿ ಪ್ರಶ್ನೆ ಬರುತ್ತಿತ್ತು.

‘ಆರ್ಲೋನ ನೋಡಿ ಹೋಗೋಣ ಅಂತ ಬಂದೆ,’ ಎಂದ ವರ್ಲಿನ್.

ಮೂವತ್ತಾರು ವರ್ಷದಲ್ಲಿ ಆ ಹೆಸರು ಆ ಬಾಯಿಂದ ಬಂದದ್ದನ್ನು ಆರ್ಡಿಸ್ ಕೇಳಿರಲಿಲ್ಲ. ಡೆಲ್ಬರ್ಟ್ ಆರ್ಲೋನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಆ ದಿನ ಹಗ್ಗ ಹಿಡಿದು ಎಳೆದವರಲ್ಲಿ ಒಬ್ಬ. ಅವನು ಆ ಚಳಿಯಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪ್ರಶ್ನೆ ಬರಲಿಲ್ಲ.

‘ನಾನು ಆಮೇಲೆ ಬರ್ತೀನಿ ಬಿಡು,’ ಎಂದ ಮೆಲ್ಲಗೆ.

‘ಬೇಡ, ಅಗಿ,’ ಎಂದ ವರ್ಲಿನ್ ತಿರುಗದೆ. ‘ಅವನಿದ್ದಿದ್ರೆ ನಿನ್ನನ್ನ ತಳ್ಳಿಬಿಟ್ಟು ಮೊದಲು ಅವನೇ ಅಗೀತಿದ್ದ.’

‘ತಳ್ಳೋನೇ, ದರಿದ್ರದವನು,’ ಎಂದ ಡೆಲ್ಬರ್ಟ್. ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. ಆಮೇಲೆ ಸಲಿಕೆ ತಂದು ಅಗೆದ. ಮೂರನೆಯ ಹೊಡೆತಕ್ಕೆ ಪದಕ ಸಿಕ್ಕಿತು. ಎರಡು ಸಲ ಗೆದ್ದಾಗ ಇಡೀ ಊರಿಗೆ ಕೇಳುವಂತೆ ಕೂಗಿದ್ದವನು ಈ ಸಲ ಅದನ್ನು ಜೇಬಿಗೆ ಹಾಕಿಕೊಂಡು, ವರ್ಲಿನ್‌ನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು, ಆರ್ಡಿಸ್‌ಳ ಕಾರನ್ನು ತಾನು ಆಮೇಲೆ ತರಿಸುವುದಾಗಿ ಹೇಳಿ ಹೊರಟುಹೋದ.

ಆರ್ಡಿಸ್ ಗಂಡನನ್ನು ಅವನ ಪಿಕಪ್ಪಿನಲ್ಲಿ ಕೂರಿಸಿ ಹೀಟರು ಹಾಕಿದಳು. ಸ್ಟೀರಿಂಗಿನ ಹಿಂದೆ ತಾನೇ ಕೂತಳು. ಅವನ ಮುಖಕ್ಕೆ ಬಣ್ಣ ಬರುತ್ತಿತ್ತು. ಆಸ್ಪತ್ರೆಗೆ ಹೋಗೋಣ ಎಂದಳು, ಹೂಂ ಎಂದ. ಹಾಗೆ ಒಂದೇ ಮಾತಿಗೆ ಒಪ್ಪಿಕೊಳ್ಳುವ ಗಂಡಸಲ್ಲ ಅವನು. ಅವಳಿಗೆ ಅದಕ್ಕೂ ಹೆದರಿಕೆಯಾಯಿತು.

‘ನನಗೋಸ್ಕರ ಡೆಲ್ಬರ್ಟ್‌ಗೆ ಸುಳ್ಳು ಹೇಳಿದೆ,’ ಎಂದಳು.

‘ಪದಕಕ್ಕೆ ಅಂತ ಬಂದಿದ್ದು ನಿಜ,’ ಎಂದ ವರ್ಲಿನ್. ‘ಆರೂವರೆಗೇ ಸಿಕ್ಕಿತ್ತು ಅದು. ಆಮೇಲೂ ಎರಡು ಗಂಟೆ ಇಲ್ಲೇ ಇದ್ದೆ. ಅವನ ಜೊತೆ ಮಾತಾಡೋದು ಬಹಳ ಇತ್ತು.’

ಅವಳು ಗೇರು ಹಾಕಲು ಕೈಯಿಟ್ಟವಳು ಹಾಗೇ ಕೂತಳು. ಅವನು ಕಿಟಕಿಯಿಂದ ಹೊರಗೆ, ಬಿಸಿಲು ಬಿದ್ದ ಗಡ್ಡೆಯ ಕಡೆ ನೋಡುತ್ತಿದ್ದ.

‘ನಾನು ಎಲ್ಲಿಗೆ ಹೋಗೋದಿಲ್ಲ ಅಂತ ನೋಡ್ತಾ ನೋಡ್ತಾ ನೀನು ನನ್ನನ್ನ ಮೂವತ್ತಾರು ವರ್ಷ ಸುತ್ತುದಾರೀಲೇ ಕರಕೊಂಡು ಹೋದೆ ಆರ್ಡಿಸ್,’ ಎಂದ. ‘ಒಂದ್ಸಲ ಆದ್ರೂ ಬಾ, ಅಲ್ಲಿಗೆ ಹೋಗೋಣ ಅಂತ ಕೇಳಬಹುದಿತ್ತು.’